ಮೂರನೆಯ ಸಲ ಸುಟ್ಟದ್ದು

ರಸಾಯನಶಾಸ್ತ್ರ ನಾನು ಕಲಿತದ್ದು ಸಂಜೆ ಕಾಲೇಜಿನಲ್ಲಿ, ಅದೂ ಅರೆಬರೆ. ಲೆಕ್ಕದಲ್ಲಿ ತಪ್ಪಿದ್ದರೆ ತಿಳಿದವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಇಷ್ಟು ವರ್ಷ ಈ ಕತೆ ಹೇಳುವ ಧೈರ್ಯ ಬಂದಿರಲಿಲ್ಲ.

ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಇಬ್ಬರು ಕೆಲಸಕ್ಕಿದ್ದರು; ಅವಳ ಕೋಣೆ ಮಹಡಿಯಲ್ಲಿ, ಅವನದು ಕೆಳಗೆ. ಗೊತ್ತಿಲ್ಲದ ವಸ್ತು ಬಂದರೆ ಅವಳು ಚಿಟಿಕೆಯಷ್ಟು ಸುಟ್ಟು, ಇಂಗಾಲ, ಜಲಜನಕ, ಆಮ್ಲಜನಕ ಯಾವ ಅನುಪಾತದಲ್ಲಿವೆ ಎಂದು ಹೇಳುವಳು; ಅದೇ ಅವಳ ಸೂತ್ರ. ಅವನು ಉಳಿದದ್ದನ್ನು ನೀರಿನಲ್ಲಿ ಕರಗಿಸಿ, ಐಸಿನಲ್ಲಿಟ್ಟು, ಎಷ್ಟು ತಣ್ಣಗಾದಾಗ ಹೆಪ್ಪುಗಟ್ಟುತ್ತದೆಂದು ನೋಡಿ ಅಣುತೂಕ ಹೇಳುವನು. ಅವನ ತೂಕವನ್ನು ಅವಳ ಸೂತ್ರದ ತೂಕದಿಂದ ಭಾಗಿಸಿದರೆ, ಆ ಸೂತ್ರವನ್ನು ಎಷ್ಟರಿಂದ ಗುಣಿಸಬೇಕೆಂದು ತಿಳಿಯುತ್ತಿತ್ತು. ಒಬ್ಬರಿಲ್ಲದೆ ಇನ್ನೊಬ್ಬರ ಉತ್ತರ ಅರ್ಧ.

ಯಾವುದನ್ನೂ ಮೂರು ಸಲ ಮಾಡದೆ ಅವಳು ನಂಬುತ್ತಿರಲಿಲ್ಲ. ಮನೆಗೆ ಹೊರಟವಳು ಬೀಗ ಎಳೆದು ನೋಡಲು ಮತ್ತೆ ಮೆಟ್ಟಿಲು ಹತ್ತುವಳು. ‘ಮೂರ್ಸಲ ಮೇಡಂ’ ಎಂದು ಕರೆದು ಅವನು ಕನ್ನಡಕದ ಮೇಲಿಂದ ನೋಡುವನು. ಅವಳು ಮುಖ ತಿರುಗಿಸಿಕೊಂಡು ನಗುವಳು.

ಒಂದು ಸೋಮವಾರ ಅವನೇ ಮೇಲೆ ಬಂದು ಪುಟ್ಟ ಸೀಸೆಯೊಂದನ್ನು ಇಟ್ಟ. ತಳದಲ್ಲಿ ತುಸುವೇ ಬಿಳಿ ಪುಡಿ. ದೂರದ ಊರಿಗೆ ವರ್ಗಾವಣೆ ಬಂದಿದೆ, ಒಪ್ಪಿಗೆಯೋ ಇಲ್ಲವೋ ಶುಕ್ರವಾರ ಐದಕ್ಕೆ ತಿಳಿಸಬೇಕು ಎಂದ.

“ಅನುಪಾತ ನೀವು ನೋಡಿ. ಅರ್ಧ ಉಳಿಸ್ಕೊಂಡು ನೀವೇ ಕೆಳಗೆ ಬನ್ನಿ, ತೂಕ ನಾನು ಹೇಳ್ತೀನಿ. ನೀವು ಬಂದ್ರೆ, ವರ್ಗಾವಣೆ ಬೇಡ ಅಂತ ಬರೆದುಕೊಡ್ತೀನಿ.”

ಅವಳ ಕಿವಿ ಕೆಂಪಾಯಿತು. “ಬರದಿದ್ರೆ?”

“ಬರ್ತೀರಿ. ಮೂರು ಸಲ ಯೋಚನೆ ಮಾಡಿಯಾದ್ರೂ.”

ಶುಕ್ರವಾರ ಸುಟ್ಟಳು. ಇಂಗಾಲ ಒಂದು, ಜಲಜನಕ ಎರಡು, ಆಮ್ಲಜನಕ ಒಂದು. ಅವನ ಕೈಗೆ ತಪ್ಪು ಉತ್ತರ ಹೋಗಬಾರದಲ್ಲ ಎಂದು ಇನ್ನೊಮ್ಮೆ ಸುಟ್ಟಳು. ಅದೇ ಬಂತು. ಕೊಳವೆಯಲ್ಲಿ ತೇವ ಇತ್ತೇನೋ ಎಂಬ ಅನುಮಾನ. ಮೂರನೆಯ ಸಲವೂ ಸುಟ್ಟಳು. ಮತ್ತೆ ಅದೇ. ಆಮೇಲೆ ನೋಡಿದರೆ ಸೀಸೆಯ ತಳ ಬರಿದಾಗಿ ಹೊಳೆಯುತ್ತಿತ್ತು.

ಆ ಸೂತ್ರದ ತೂಕ ಮೂವತ್ತು. ವಸ್ತುವಿನದು ತೊಂಬತ್ತಾದರೆ ಮೂರರಿಂದ ಗುಣಿಸಬೇಕು, ನೂರೈವತ್ತಾದರೆ ಐದರಿಂದ, ನೂರೆಂಬತ್ತಾದರೆ ಆರರಿಂದ. ಅಳೆಯಲು ಕಾಳಷ್ಟೂ ಉಳಿದಿರಲಿಲ್ಲ.

ಬರಿಗೈಯಲ್ಲಿ ಹೋಗುವುದು ಹೇಗೆ? ಸ್ಟೂಲಿನ ಮೇಲೆ ಕೂತೇ ಇದ್ದಳು. ಗಾಜಿನ ಸಾಮಾನು ತೊಳೆಯುವ ಅಕ್ಕ ಮೇಲೆ ಬಂದಾಗ ಐದೂಕಾಲು. ಕೆಳಗಿನ ಸಾರ್ ಮೂರು ಸಲ ಐಸ್ ತರಿಸಿದರಂತೆ, ಮೂರು ಸಲವೂ ಕರಗಿ ನೀರಾಯಿತಂತೆ. ಐದಕ್ಕೆ ಸರಿಯಾಗಿ ಒಪ್ಪಿಗೆಗೆ ಸಹಿ ಹಾಕಿ ಕಳಿಸಿದರಂತೆ.

ಅವಳು ಮೆಟ್ಟಿಲಿಳಿದು ಓಡಿದಾಗ ಅವನು ಆ ನೀರನ್ನು ಚೆಲ್ಲುತ್ತಿದ್ದ.

“ಪೂರ್ತಿ ಸುಟ್ಟುಬಿಟ್ಟೆ.”

ಅವನು ಕನ್ನಡಕ ತೆಗೆದು ಒರೆಸಿದ. “ಪುಡಿ ಒಂದು ನೆಪ ಅಲ್ವಾ? ಬರಿಗೈಲಿ ಬಂದಿದ್ರೂ ಸಾಕಿತ್ತು.”

ಅದು ಯಾವ ಪುಡಿ ಎಂದು ಕೇಳಿದಳು.

“ನಂಗೂ ಗೊತ್ತಿಲ್ಲ. ಲೇಬಲ್ ಇಲ್ಲದೆ ಕಪಾಟಿನ ಹಿಂದೆ ಸಿಕ್ಕಿತ್ತು. ಇಬ್ಬರೂ ಸೇರಿ ಕಂಡುಹಿಡಿಯೋಣ ಅಂದ್ಕೊಂಡಿದ್ದೆ.”

ಸೋಮವಾರ ಅವನ ಕೋಣೆಗೆ ಬೇರೆಯವರು ಬಂದರು. ಅವಳು ಸೀಸೆಗೆ ಲೇಬಲ್ ಅಂಟಿಸಿ ಅನುಪಾತ ಬರೆದಳು. ಎಷ್ಟರಿಂದ ಗುಣಿಸಬೇಕು ಎಂಬಲ್ಲಿ ಜಾಗ ಬಿಟ್ಟಳು. ಅಲ್ಲಿ ಬರಬೇಕಾದದ್ದು ಮೂರೋ, ಐದೋ, ಆರೋ, ಅವಳಿಗೆ ತಿಳಿಯಲೇ ಇಲ್ಲ. ನನಗೂ ಗೊತ್ತಿಲ್ಲ.