ಹೊಸ ಬೇರಿಂಗ್, ಹೊಸ ಪರದೆ

ಅಕ್ಕ ಬದುಕಿದ್ದಷ್ಟು ಕಾಲವೂ ಆ ಕ್ಯಾಂಪರ್ ವ್ಯಾನು ಹಿತ್ತಲು ಬಿಟ್ಟು ಕದಲಲಿಲ್ಲ.

"ಬೇರಿಂಗ್ ಒಂದು ಹಾಕಿ ಆಗ್ಲಿ, ಹೊರಟೇಬಿಡೋಣ" ಎನ್ನುತ್ತಿದ್ದ ಭಾವ. ಕ್ಲಚ್ ತುಳಿದರೆ ಕೆಳಗಿನಿಂದ ಕಬ್ಬಿಣ ಹಲ್ಲು ಕಡಿದಂತೆ ಸದ್ದು. ಸವೆದ ಬೇರಿಂಗ್ ಬದಲಿಸಬೇಕೆಂದರೆ ಗೇರ್‌ಬಾಕ್ಸನ್ನೇ ಇಳಿಸಬೇಕು. ಭಾವನಿಗೆ ಪುರುಸೊತ್ತಿರಲಿಲ್ಲ, ಮೆಕ್ಯಾನಿಕ್ ಕೈಗೆ ಕೊಡಲು ಮನಸ್ಸೂ ಇರಲಿಲ್ಲ. ಅಕ್ಕ ವ್ಯಾನಿನೊಳಗಿನ ಪುಟ್ಟ ಒಲೆ ಒರೆಸುತ್ತ, ಹಾಸಿಗೆ ಕೊಡವುತ್ತ ಕಾದಳು. ಕಿಟಕಿಗಳಿಗೆ ಪರದೆ ಬೇಕೆಂದಾಗ ಹೊಲಿದುಕೊಟ್ಟವನು ಟೈಲರ್ ಆಗಿದ್ದ ಅವಳ ತಮ್ಮ. ತಿಳಿನೀಲಿ ಬಟ್ಟೆ ಅವಳೇ ಆರಿಸಿದ್ದು. ಕಾಯಿಲೆ ಬಿದ್ದ ಮೇಲೂ ಅವಳು ಅಲ್ಲೇ ಹೋಗಿ ಮಲಗುತ್ತಿದ್ದಳು. ಪರದೆ ಸರಿಸಿದರೆ ಕಾಣುತ್ತಿದ್ದದ್ದು ಹಿತ್ತಲ ಗೋಡೆ.

ಅವಳು ಹೋಗಿ ವರ್ಷ ತುಂಬುವ ಮೊದಲೇ ಭಾವ ಹೊಸ ಬೇರಿಂಗ್ ಹಿಡಿದುಕೊಂಡು ಟೈಲರ್ ಅಂಗಡಿಗೆ ಬಂದ.

"ಮತ್ತೆ ಮದುವೆ ಆಗ್ತಿದ್ದೀನಿ ಕಣಯ್ಯಾ. ಆಮೇಲೆ ವ್ಯಾನಲ್ಲೇ ಸುತ್ತಾಟ. ನಿನ್ನ ಆ ಪರದೆ ಅವಳಿಗೆ ಮಂಕು ಅನ್ಸುತ್ತಂತೆ. ಬೇರೆ ಹೊಲಿದುಕೊಡ್ತೀಯಾ?"

"ಅದಕ್ಕೇನು ಭಾವ. ಬಂದು ಅಳತೆ ತಗೋತೀನಿ."

ಕಚ್ಚಿಕೊಂಡಿದ್ದ ಗುಂಡುಸೂಜಿಯನ್ನು ತೆಗೆಯದೆಯೇ ಹೇಳಿದ್ದ ಟೈಲರ್. ಭಾವ ಬದುಕಿರಬಾರದೆಂದು ತೀರ್ಮಾನಿಸಿದ್ದೂ ಆಗಲೇ.

ಅವನು ಅವಸರದವನಲ್ಲ. ಬಟ್ಟೆ ಕತ್ತರಿಸುವುದು ಒಂದೇ ಸಲ, ಅಳತೆ ಎಷ್ಟು ಸಲ ಬೇಕಾದರೂ ತೆಗೆಯಬಹುದು. ಟೇಪು ಹಿಡಿದು ಮತ್ತೆ ಮತ್ತೆ ಹೋದ, ಕಣ್ಣಲ್ಲೇ ಎಲ್ಲ ಅಳೆದ. ಹಿತ್ತಲು ಇಳಿಜಾರು. ಭಾವ ಮುಂದಿನ ಚಕ್ರಗಳನ್ನು ಓರೆಯಾಗಿ ಇಟ್ಟ ಹಲಗೆಗಳ ಮೇಲೆ ಹತ್ತಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಕೆಳಗೆ ನುಸುಳುತ್ತಿದ್ದ. ಹ್ಯಾಂಡ್‌ಬ್ರೇಕ್ ಸಡಿಲವೆಂದು ಬೀದಿಯವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ನಾಳೆ ಕಥೆ ಇಷ್ಟೇ ಆಗಬೇಕು: ಕಲ್ಲು ಕೊಡಲು ಮರೆತ, ಬ್ರೇಕ್ ಜಾರಿತು, ವ್ಯಾನು ಹಲಗೆಯಿಂದ ಇಳಿದು ಮೇಲೆ ಕೂತಿತು. ಟೈಲರ್ ಏನನ್ನೂ ಕಟ್ಟಿ ಹೇಳಬೇಕಿಲ್ಲ, ಜನರೇ ಹೇಳಿಕೊಳ್ಳುತ್ತಾರೆ.

ಆ ಮನೆಗೆ ಹೋಗಿಯೇ ಇರಲಿಲ್ಲ ಎನ್ನುವ ಹುಚ್ಚು ಸುಳ್ಳು ಅವನಿಗೆ ಬೇಕಿರಲಿಲ್ಲ. ಹಾಡಹಗಲೇ, ನಾಲ್ಕು ಜನರ ಕಣ್ಣೆದುರೇ ಪರದೆ ಬಟ್ಟೆ ಹೆಗಲಿಗೆ ಹಾಕಿಕೊಂಡು ಹೋಗುತ್ತಾನೆ. ಮುಂದಿನ ಕೋಣೆಯಲ್ಲಿ ಕೂತು ಬಟ್ಟೆ ಕತ್ತರಿಸುತ್ತಾನೆ. ಸುಳ್ಳು ಒಂದೇ: ಹಿತ್ತಲಿಗೆ ಕಾಲಿಟ್ಟಿಲ್ಲ. ಗೇಟಿನಿಂದ ಹೊರಗಿನವರು ಯಾರೂ ಬಂದಿಲ್ಲವೆಂದು ಮಾತ್ರ ಒತ್ತಿ ಹೇಳಬೇಕು. ಕೊಂದವನೊಬ್ಬ ಇರಬಹುದೆಂಬ ಅನುಮಾನಕ್ಕೆ ಸೂಜಿಮೊನೆಯಷ್ಟೂ ಜಾಗ ಉಳಿಯಬಾರದು.

ಟೈಲರ್ ಪರದೆ ಬಟ್ಟೆ ಹೊತ್ತು ಹೋದ ದಿನ ಬೇರಿಂಗ್ ಕೂತಿತ್ತು, ಗೇರ್‌ಬಾಕ್ಸ್ ಮೇಲೇರಿತ್ತು. ಭಾವ ವ್ಯಾನಿನ ಕೆಳಗಿನಿಂದಲೇ ಕೂಗಿದ.

"ಬಾರಯ್ಯಾ ಇಲ್ಲಿ! ಕ್ಲಚ್ ಪೈಪಲ್ಲಿ ಗಾಳಿ ಸೇರಿದೆ. ಕಾಲು ಆಡಿಸೋದೇ ನಿನ್ನ ಕಸುಬಲ್ವಾ, ಪೆಡಲ್ ಒತ್ತು!"

ತಾನಾಗಿ ಕರೆಯುತ್ತಿದ್ದಾನೆ. ಟೈಲರ್ ಹಿಂದಿನ ಚಕ್ರಗಳ ಕಲ್ಲನ್ನು ಮೆಲ್ಲಗೆ ಆಚೆ ಸರಿಸಿ, ಒಳಗೆ ಹತ್ತಿ ಕೂತ.

"ಒತ್ತು... ಹಿಡ್ಕೋ... ಈಗ ಬಿಡು. ಭೇಷ್! ನಿನ್ನ ಅಕ್ಕ ಇದ್ದಿದ್ರೆ ಇಷ್ಟು ಹೊತ್ತಿಗೆ ಗೊಣಗೋಕೆ ಶುರುಮಾಡ್ತಿದ್ಳು."

"ಅವಳು ಯಾವತ್ತೂ ಗೊಣಗಲಿಲ್ಲ ಭಾವ," ಎಂದ ಟೈಲರ್. ಕೈಗೆ ಸುತ್ತಿಕೊಂಡಿದ್ದ ಚೂರುಬಟ್ಟೆಯಲ್ಲೇ ಹ್ಯಾಂಡ್‌ಬ್ರೇಕ್ ಇಳಿಸಿದ.

ವ್ಯಾನು ಹಲಗೆ ಬಿಟ್ಟು ಇಳಿಯಿತು. ಕಿರುಚಾಟವಾಗಲಿಲ್ಲ. ಬ್ರೇಕನ್ನು ಅರ್ಧಕ್ಕೆ ಎಳೆದಿಟ್ಟ, ಪೆಡಲ್ ಒರೆಸಿದ, ಮುಂದಿನ ಕೋಣೆಗೆ ಬಂದು ಕತ್ತರಿಯನ್ನು ಬಟ್ಟೆಯ ಮೇಲೆ ಅರ್ಧ ಕತ್ತರಿಸಿದಂತೆ ಇಟ್ಟ. ಆಮೇಲೆ ಕೂಗುತ್ತ ಬೀದಿಗೆ ಓಡಿದ. ಕಣ್ಣೀರಿಗೆ ಕಷ್ಟಪಡಬೇಕಾಗಲಿಲ್ಲ, ಅಕ್ಕನಿಗಾಗಿ ಒಳಗೇ ತಡೆದಿಟ್ಟಿದ್ದದ್ದು ಧಾರಾಳವಾಗಿತ್ತು. ನೆರೆಯವರೇ ಪೊಲೀಸರಿಗೆ ಹೇಳಿದರು: "ಆ ಬ್ರೇಕು ಒಂದಿನ ಜೀವ ತೆಗೆಯುತ್ತೆ ಅಂದಿದ್ವಿ ಸಾರ್."

ಮರುದಿನ ಇನ್‌ಸ್ಪೆಕ್ಟರ್ ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕೂತು ಮೃದುವಾಗಿಯೇ ಕೇಳಿದರು.

"ಆ ಹೊತ್ತಲ್ಲಿ ಮನೇಲಿ ಇದ್ದದ್ದು ನೀವಿಬ್ರೇ?"

"ಇಬ್ರೇ ಸಾರ್. ನಾನು ಮುಂದಿನ ಕೋಣೇಲಿ, ಭಾವ ಹಿತ್ತಲಲ್ಲಿ. ಸದ್ದು ಕೇಳೋವರೆಗೂ ನಾನು ಆ ಕಡೆ ತಲೆ ಹಾಕಿರಲಿಲ್ಲ."

"ಬೇರೆ ಯಾರಾದ್ರೂ ಬಂದು ಹೋಗಿರಬಹುದಾ?"

"ಇರೋದೊಂದೇ ಗೇಟು, ನನ್ನ ಕಣ್ಣೆದುರಿಗೇ ಇತ್ತು. ಒಂದು ನರಪಿಳ್ಳೆಯೂ ಬಂದಿಲ್ಲ. ಬೇಕಾದ್ರೆ ಆಣೆ ಮಾಡ್ತೀನಿ."

"ಆಣೆ ಬೇಡ, ಹೇಳಿದ್ದೇ ಸಾಕು," ಎಂದರು ಇನ್‌ಸ್ಪೆಕ್ಟರ್. ಆದರೆ ಏಳಲಿಲ್ಲ. "ನಿಮ್ಮ ಭಾವನ ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು. ಪಕ್ಕದ ಬಾಟಲಿಗೆ ಕ್ಲಚ್ ಪೈಪಿನ ಆಯಿಲ್ ಅರ್ಧ ಇಳಿದಿತ್ತು. ಗಾಳಿ ತೆಗೀತಿದ್ರು. ನಂದೂ ಒಂದು ಹಳೇ ಜೀಪಿದೆ, ನಾನೂ ಹೀಗೇ ತೆಗೀತೀನಿ. ನಾನು ಕೆಳಗೆ ಮಲಗಿ ಸ್ಕ್ರೂ ಸಡಿಲಿಸ್ತೀನಿ, ಅದೇ ಹೊತ್ತಿಗೆ ನನ್ನ ಹೆಂಡ್ತಿ ಮೇಲೆ ಕೂತು ಬೈಕೊಂಡು ಪೆಡಲ್ ಒತ್ತುತ್ತಾಳೆ. ಟೈಲರೇ, ಅದು ಒಬ್ರೇ ಮಾಡೋ ಕೆಲಸ ಅಲ್ಲ."