ಬೋರಲು ಹಾಕಿದ ಬಿಲ್ಲೆಗಳು

"ಈ ಪೆಟ್ಟಿಗಿ ಯಾರಾದ್ರೂ ಬಿಚ್ಚಿದ್ರೇನ್ರಿ?"

ಅಜೀಜಬಿಯ ಎದೆ ಧಸಕ್ಕೆಂದಿತು!

1982ರ ಬೇಸಿಗೆ. ಹಂಪಸಾಗರದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ನೂರಸಾಬನ ಹಿತ್ತಿಲಿಗೆ, ಸಂಶೋಧನೆಗೆಂದು ಹಾರಿಸಿದ ದೊಡ್ಡ ಬಲೂನಿನಿಂದ ಆ ಪೆಟ್ಟಿಗೆ ಬಿದ್ದು ಎರಡು ದಿನವಾಗಿತ್ತು. ಹುಡುಕಿಕೊಂಡು ಜೀಪಿನಲ್ಲಿ ಬಂದು, ನೂರಸಾಬನ ಮಗಳು ಅಜೀಜಬಿಯನ್ನು ಹೀಗೆ ಕೇಳಿದವನು ಶೇಖಾವಲಿ. ಕೊಟ್ಟೂರಿನ ಹುಡುಗ, ಪ್ರಯೋಗಾಲಯವೊಂದರಲ್ಲಿ ಸಹಾಯಕ.

"ಆಕಾಶದಾಗ ಕಣ್ಣಿಗೆ ಕಾಣದ ವಿಕಿರಣ ಐತ್ರಿ. ಬಾಹ್ಯಾಕಾಶ ನೌಕೆಗೆ ಎಷ್ಟು ದಪ್ಪನ ತಗಡು ಹೊದಿಸಬೇಕಂತ ಕಂಪ್ಯೂಟರ್ ಲೆಕ್ಕ ಹಾಕೈತಿ. ಆ ಲೆಕ್ಕ ಖರೇ ಏನು ಅಂತ ಈ ಬಿಲ್ಲೆ ಹೇಳಬೇಕು."

ತೆಳುವಿನಿಂದ ದಪ್ಪಕ್ಕೆ ಜೋಡಿಸಿದ ತಗಡುಗಳ ನಡುವೆ ವಿಕಿರಣ ದಾಖಲಿಸುವ ಪುಟ್ಟ ಪ್ಲಾಸ್ಟಿಕ್ ಬಿಲ್ಲೆಗಳು. ನಂಬರಿಲ್ಲ, ಇದ್ದ ಜಾಗವೇ ಗುರುತು.

ಅಯ್ಯೋ! ಒಳಗೆ ಮಣ್ಣು ಹೊಕ್ಕಿದ್ದಕ್ಕೆ ಅವಳು ಬಿಲ್ಲೆಗಳನ್ನೆಲ್ಲ ತೆಗೆದು ಒರೆಸಿದ್ದಳು. ಒರೆಸಿದ್ದನ್ನು ಬೋರಲು ಹಾಕುವುದು ಕಲಾಯಿ ಮನೆಯ ರೂಢಿ. ಹಾಗೇ ಇಡೀ ಸಾಲನ್ನು ಬೋರಲು ಮಾಡಿ ಜೋಡಿಸಿಬಿಟ್ಟಿದ್ದಳು. ಮೇಲಿನದು ಕೆಳಗೆ, ಕೆಳಗಿನದು ಮೇಲೆ...

"ಇಲ್ರಿ... ಬಿದ್ದಂಗ ಐತಿ."

"ಎಷ್ಟು ಜ್ವಾಕಿ ಮಾಡೀರಿ!" ಎಂದು ಅವನು ನಕ್ಕ. ಹುಡುಗಿ ಆ ನಗುವಿಗೆ ಬಿದ್ದಳು, ಸತ್ಯ ಹೇಳದೆಯೇ ಪೆಟ್ಟಿಗೆಯನ್ನು ಅವನ ಕೈಗಿತ್ತಳು.

ಆಮೇಲೆ ಅವನು ನೆಪ ಹುಡುಕಿ ಹುಡುಕಿ ಬಂದ. ನಿಕಾದ ಮಾತೂ ನಿಶ್ಚಯವಾಯಿತು. ಆದರೆ ಮುಂದಿನ ಆರು ತಿಂಗಳು ಅವನ ಸುದ್ದಿಯೇ ಇಲ್ಲ! 'ನಾನು ಬೇಡವಾದೆನೇನೋ' ಎಂದು ಅಜೀಜಬಿ ಅತ್ತೂ ಅತ್ತೂ ಸೊರಗಿದಳು.

ಒಂದು ಮಧ್ಯಾಹ್ನ ಅವನು ಬಂದ. ಮುಖದಲ್ಲಿ ಕಳೆಯೇ ಇರಲಿಲ್ಲ.

"ಈ ಸಂಬಂಧ ಬ್ಯಾಡ ಅಜೀಜಾ. ನನ್ನ ಕೆಲಸ ಹೋತು."

"ಯಾಕ್ರಿ?"

"ದಪ್ಪ ತಗಡಿನ ಹಿಂದನ ವಿಕಿರಣ ಜಾಸ್ತಿ ಅಂತ ಬಿಲ್ಲೆ ಹೇಳಿದ್ವು. ಕಂಪ್ಯೂಟರೇ ತಪ್ಪು ಅಂತ ನಾ ಎಲ್ಲರ ಮುಂದ ವಾದ ಮಾಡ್ದೆ. ಇನ್ನೊಂದು ಬಲೂನು ಹಾರಿಸಿದ್ರು... ಕಂಪ್ಯೂಟರ್ ಖರೇ ಆತು. ನಾನ ತಪ್ಪು ಜೋಡ್ಸೀನಿ ಅಂದ್ರು. ಜೋಡ್ಸಿರಬೇಕು ಬಿಡು..."

ಸುಮ್ಮನಿದ್ದರೆ ಅವನ ಕಣ್ಣಲ್ಲಿ ಒಳ್ಳೆಯವಳಾಗಿಯೇ ಉಳಿಯಬಹುದಿತ್ತು. ಅವಳಿಗೆ ಅದು ಬೇಡವಾಯಿತು.

"ನೀವಲ್ರಿ... ನಾನು! ಒರೆಸಿ ಬೋರಲು ಜೋಡ್ಸಿದಾಕಿ ನಾನು!"



"ಕೇಳ್ದಾಗ ಯಾಕ ಹೇಳ್ಲಿಲ್ಲ?"

"ನೀವು ನಕ್ಕಿದ್ರಿ... ಸಿಟ್ಟಾಗಿ ಹೊಂಟುಬಿಡ್ತೀರಿ ಅಂತ ಹೆದರಿದೆ."

"ಇಷ್ಟು ದಿನ ನನ್ನ ಕೈನ ನಾನು ನಂಬ್ಲಿಲ್ಲ, ಅಜೀಜಾ."

ಬೈದಿದ್ದರೂ ತಡೆದುಕೊಳ್ಳುತ್ತಿದ್ದಳು. ಈ ಮಾತಿಗೆ ಕುಸಿದು ಕುಳಿತಳು.

"ನಿಮ್ಮ ಸಾಹೇಬ್ರ ಮುಂದ ಬಂದು ಹೇಳ್ತೀನ್ರಿ. ಆಮ್ಯಾಲ ನನ್ನ ಬಿಟ್ರೂ ಬಿಡ್ರಿ."

"ಹೇಳಿದ್ರ ಕೆಲಸ ತಿರುಗಿ ಬರ್ತತೇನು?"

"ಬರದಿದ್ರೂ ಹೇಳ್ತೀನಿ!"

ಅವನು ಅವಳನ್ನೇ ನೋಡಿದ. ಅವನ ಕಣ್ಣು ಒದ್ದೆಯಾಗಿತ್ತು.

"ಹಂಗಾದ್ರ ನಾಳೆನ ಹೋಗೋಣು. ನಿಕಾ ಆದಮ್ಯಾಲ ಹೋದ್ರ, ಗಂಡನ್ನ ಉಳಿಸಿಕೊಳ್ಳಾಕ ಸುಳ್ಳು ಹೇಳ್ತಾಳ ಅಂತಾರ."

ಅಜೀಜಬಿ ಥಟ್ಟನೆ ತಲೆಯೆತ್ತಿದಳು. 'ಗಂಡನ್ನ' ಅಂದನೇ?

"ನನ್ನ ಮ್ಯಾಲ... ಸಿಟ್ಟಿಲ್ಲೇನ್ರಿ?"

"ಐತಿ. ಅದಕ್ಕ ಜನ್ಮಪೂರ್ತಿ ಟೈಮ್ ಐತಿ, ಏಳು."