ಮರದ ಹೃದಯ ಕಾಣೆಯಾದದ್ದು

ಎದೆ ತೆರೆದೇ ಇತ್ತು. ಒಳಗೆ ಹೃದಯ ಇರಲಿಲ್ಲ.

ಜೀವಶಾಸ್ತ್ರದ ಟೀಚರಿಗೆ ಇದು ಕನಸೋ ನನಸೋ ತಿಳಿಯಲಿಲ್ಲ. ಪರೀಕ್ಷೆ ಹತ್ತಿರ ಬಂದಾಗಿನಿಂದ ಅವರ ನಿದ್ದೆಯ ತುಂಬ ಬರೀ ಪಾಠವೇ. ಜೀವಕೋಶಗಳು ತೇಲುತ್ತ ಬಂದು ಎರಡಾಗುತ್ತಿದ್ದವು, ಎಲೆಗಳು ಬಿಸಿಲು ಕುಡಿದು ನಿಟ್ಟುಸಿರು ಬಿಡುತ್ತಿದ್ದವು. ಈಗ ಪ್ರಯೋಗಾಲಯದಲ್ಲೂ ಅದೇ ಮಂಪರು. ಕಿಟಕಿಯ ಬೆಳಕು ಗಾಜಿನ ಜಾಡಿಗಳನ್ನು ಹಾದು ಹಸಿರಾಗಿ ನೆಲದ ಮೇಲೆ ಹರಡಿತ್ತು. ಮೂಲೆಯಲ್ಲಿ ಆಳೆತ್ತರದ ಮರದ ಮನುಷ್ಯ ನಿಂತಿದ್ದ. ಅವನ ಅಂಗಗಳನ್ನು ಒಂದೊಂದಾಗಿ ಕೊಕ್ಕೆಯಿಂದ ತೆಗೆದು, ಮಕ್ಕಳಿಗೆ ತೋರಿಸಿ, ಮತ್ತೆ ತೂಗುಹಾಕಬಹುದಿತ್ತು. ಶ್ವಾಸಕೋಶ ಎರಡೂ ತಮ್ಮ ತಮ್ಮ ಜಾಗದಲ್ಲಿದ್ದವು. ನಡುವಿನ ಕೊಕ್ಕೆ ಮಾತ್ರ ಖಾಲಿ.

“ಹೃದಯ ಕದ್ದವರು ಯಾರ್ರೀ?” ಡ್ರಾಯಿಂಗ್ ಮೇಷ್ಟ್ರು ಬಾಗಿಲಲ್ಲೇ ನಿಂತು ನಕ್ಕರು. “ಈ ವಯಸ್ಸಲ್ಲಿ ನನ್ನ ಮೇಲಂತೂ ಅನುಮಾನ ಬೇಡಪ್ಪ.”

ಅವರ ಹಿಂದೆಯೇ ಬಂದ ಹೆಡ್ಮಾಸ್ಟರ್ ನಗಲಿಲ್ಲ. “ಬೀಗ ಒಡೆದಿಲ್ಲ. ಬೀಗದ ಕೈ ಇರೋದು ದೊಡ್ಡಮ್ಮನ ಹತ್ರ. ಇನ್ನೇನು ಕೇಳೋದು? ಮಧ್ಯಾಹ್ನದ ಬೆಲ್ ಹೊಡೆಯೋದ್ರೊಳಗೆ ಹೃದಯ ಬರಬೇಕು. ಇಲ್ಲಾಂದ್ರೆ ನಾಳೆಯಿಂದ ಅವರು ಕೆಲಸಕ್ಕೆ ಬರೋದು ಬೇಡ.”

ದೊಡ್ಡಮ್ಮ ಅಂದರೆ ಪ್ರಯೋಗಾಲಯದ ಸಹಾಯಕಿ. ಮಕ್ಕಳಿಗಷ್ಟೇ ಅಲ್ಲ, ಇಡೀ ಶಾಲೆಗೇ ಅವರು ದೊಡ್ಡಮ್ಮ. ಜಾಡಿ ಒರೆಸುವ ಬಟ್ಟೆಯನ್ನು ಹಿಂಡುತ್ತ ನಿಂತಿದ್ದರು. ಟೀಚರ್ ಅವರ ಕಡೆ ನೋಡಿದರು. ಇವರು ಕದಿಯುವುದೇ? ಸಾಧ್ಯವೇ ಇಲ್ಲ. ಆದರೆ ಬರೀ ಸಾಧ್ಯವಿಲ್ಲ ಅಂದರೆ ಹೆಡ್ಮಾಸ್ಟರ್ ಒಪ್ಪುತ್ತಾರೆಯೇ?

“ದೊಡ್ಡಮ್ಮ, ನಿನ್ನೆ ಸಂಜೆ ರಿವಿಷನ್ ಕ್ಲಾಸ್ ಮುಗಿದ ಮೇಲೆ ಏನೇನಾಯ್ತು? ನಿಧಾನವಾಗಿ ಹೇಳಿ.”

“ನೀವು ಹೋದ್ರಿ. ಮಕ್ಕಳೂ ಹೋದ್ರು. ನಾನು ಎಲ್ಲಾನೂ ಕೊಕ್ಕೆಗೆ ಹಾಕ್ದೆ—ಹೃದಯ, ಶ್ವಾಸಕೋಶ, ಎಲ್ಲಾ. ಈ ಮೇಷ್ಟ್ರು ಬಂದು ಚಿತ್ರ ಬರೀತಾ ಕೂತ್ರು.”

“ಆಗ ಹೃದಯ ಇತ್ತಾ?”

“ಇತ್ತು, ಇತ್ತು!” ಮೇಷ್ಟ್ರು ಸುರುಳಿ ಸುತ್ತಿದ್ದ ಹಾಳೆ ಬಿಡಿಸಿದರು. “ಕಂಡದ್ದನ್ನ ಕಂಡ ಹಾಗೆ ಬರೆದಿದೀನಿ, ನೋಡಿ. ನಿಮ್ಮ ಶಾಸ್ತ್ರ ನನಗೆ ಗೊತ್ತಿಲ್ಲ. ನಾನು ಏಳೋವಾಗ ದೊಡ್ಡಮ್ಮ ಪಕ್ಕದ ಕೋಣೇಲಿ ಜಾಡಿ ತೊಳೀತಿದ್ರು. ಹಿಂದಿನ ಬೆಂಚಲ್ಲಿ ನಿಮ್ಮ ತೂಕಡಿಕೆ ಒಳ್ಳೇ ನಿದ್ದೆಯಲ್ಲಿದ್ಳು.”

“ಹೂಂ, ಅವಳನ್ನ ಮನೆಗೆ ಕಳಿಸೇ ನಾನು ಬೀಗ ಹಾಕಿದ್ದು,” ಎಂದರು ದೊಡ್ಡಮ್ಮ. “ಬ್ಯಾಗ್ ತಬ್ಕೊಂಡು ಹೋಯ್ತು ಪಾಪ.”

ತೂಕಡಿಕೆ ಎಂದು ಹೆಸರು ಬಿದ್ದಿದ್ದ ಆ ಹುಡುಗಿ, ಪಾಠ ಶುರುವಾದರೆ ಸಾಕು, ಡೆಸ್ಕಿಗೆ ತಲೆ ಆನಿಸುತ್ತಿದ್ದಳು. ಒಂದು ಪ್ರಶ್ನೆಗೂ ಬಾಯಿ ಬಿಟ್ಟವಳಲ್ಲ.

“ಅವಳಾ?” ಹೆಡ್ಮಾಸ್ಟರ್ ಹುಬ್ಬೇರಿಸಿದರು. “ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂದ್ರೆ ಆಕಳಿಸ್ತಾಳೆ. ಅವಳಿಗೆ ಹೃದಯ ತಗೊಂಡು ಏನಾಗ್ಬೇಕು?”

ಟೀಚರ್ ಮೇಷ್ಟ್ರ ಕೈಯಿಂದ ಹಾಳೆ ತೆಗೆದುಕೊಂಡರು. ಚಿತ್ರವನ್ನು ನೋಡಿದರು. ಮರದ ಮನುಷ್ಯನನ್ನು ನೋಡಿದರು. ಮತ್ತೆ ಚಿತ್ರ. ಮೈಯಿಂದ ಮಂಪರು ಮೆಲ್ಲಗೆ ಇಳಿಯತೊಡಗಿತು.

“ಇವತ್ತು ಬೆಳಿಗ್ಗೆ ನಾನು ಒಂದು ಕೆಲಸ ಮಾಡಲೇ ಇಲ್ಲ,” ಎಂದರು. “ದಿನಾ ಬಂದ ತಕ್ಷಣ ಈ ಶ್ವಾಸಕೋಶಗಳನ್ನ ಅದಲುಬದಲು ಮಾಡ್ತೀನಿ. ಕಣ್ಣುಮುಚ್ಚಿ ಮಾಡೋ ಕೆಲಸ ಅದು. ಇವತ್ತು ಮಾಡಲಿಲ್ಲ. ಯಾಕೆ? ಅವು ಸರಿಯಾಗೇ ಇದ್ವು!”

“ಸರಿಯಾಗಿದ್ರೆ ತಪ್ಪೇನ್ರೀ?”

“ಇಲ್ಲಿ ಅದೇ ತಪ್ಪು, ಸಾರ್. ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಅಂದ್ರೆ ಮೂರು ಭಾಗ, ಎಡಕ್ಕೆ ಎರಡು. ಆದ್ರೆ ಬಲ ಅಂದ್ರೆ ಯಾರ ಬಲ? ಇವನ ಬಲ. ಇವನು ನಮ್ಮ ಎದುರಿಗೆ ನಿಂತಿದಾನೆ, ಇವನ ಬಲ ನಮ್ಮ ಎಡ. ದೊಡ್ಡಮ್ಮ ಮಾತ್ರ ದಿನಾ ತಮ್ಮ ಬಲಕ್ಕೇ ಮೂರು ಹಾಲೆಯದನ್ನ ಹಾಕ್ತಾರೆ. ಎಷ್ಟು ಹೇಳಿದ್ರೂ—”

“ನನ್ನ ಬಲಗೈ ಇರೋ ಕಡೇನೇ ಅಲ್ವಾ ಬಲ!” ದೊಡ್ಡಮ್ಮ ಅಷ್ಟು ಹೊತ್ತಿಗೆ ಮೊದಲ ಸಲ ದನಿಯೆತ್ತಿದರು.

“ಚಿತ್ರ ನೋಡಿ. ಮೂರು ಹಾಲೆ ತಪ್ಪು ಕಡೆ ಇದೆ, ನಡುವೆ ಹೃದಯ ಇಣುಕ್ತಿದೆ. ಅಂದ್ರೆ ಮೇಷ್ಟ್ರು ಏಳೋವರೆಗೂ ಎಲ್ಲಾ ದೊಡ್ಡಮ್ಮ ಹಾಕಿದ ಹಾಗೇ ಇತ್ತು. ಹೃದಯ ತೆಗೀಬೇಕಾದ್ರೆ ಮೊದಲು ಶ್ವಾಸಕೋಶ ಎರಡೂ ತೆಗೀಬೇಕು. ದೊಡ್ಡಮ್ಮ ತೆಗೆದಿದ್ರೆ ವಾಪಸ್ ತಪ್ಪಾಗೇ ಹಾಕಿರ್ತಿದ್ರು. ಮೇಷ್ಟ್ರು ತೆಗೆದಿದ್ರೆ ಕಂಡ ಹಾಗೇ ಹಾಕಿರ್ತಿದ್ರು. ಸರಿ ಮಾಡಿ ಹಾಕಿದ್ದು ನನ್ನ ಪಾಠ ಕೇಳಿದವಳು. ನಿದ್ದೆಗಣ್ಣಲ್ಲಾದ್ರೂ ಕೇಳಿದವಳು.” ಕಳ್ಳಿ ಸಿಕ್ಕಿದ್ದಕ್ಕಿಂತ ಅದೇ ಅವರಿಗೆ ಹೆಚ್ಚು ಸಂತೋಷ ಕೊಟ್ಟಿತು. “ತೂಕಡಿಕೆನ ಕರೀರಿ.”

ಹುಡುಗಿ ಕಣ್ಣುಜ್ಜಿಕೊಳ್ಳುತ್ತ ಬಂದಳು. ಖಾಲಿ ಕೊಕ್ಕೆ ಕಂಡದ್ದೇ ಅವಳ ಮುಖ ಬಿಳಿಚಿಕೊಂಡಿತು.

“ಎಲ್ಲಿದೆಯಮ್ಮಾ?”

“ಮನೇಲಿ, ಟೀಚರ್. ಅಪ್ಪನಿಗೆ ತೋರ್ಸೋಕೆ ತಗೊಂಡ್ಹೋದೆ.”

ಅವಳಪ್ಪ ಬಡಗಿ. ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗಲೇಬೇಕು ಅಂದಿದ್ದರು ಡಾಕ್ಟರು. ಎದೆ ಕೊಯ್ಯಲು ಬಿಡುವುದಿಲ್ಲ ಎಂದು ಅಪ್ಪ ಹಟ ಹಿಡಿದು ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತದೆ. ಹಾಗಾಗಿ ರಾತ್ರಿಯೆಲ್ಲ ಮಗಳು ಅವನ ಬೆನ್ನಿಗೆ ಆಸರೆಯಾಗಿ ಕೂತಿರುತ್ತಿದ್ದಳು.

“ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ?”

“ಯಾಕೆ ಅಂತ ಕೇಳ್ತಿದ್ರಿ. ಹೇಳೋಕೆ ಹೋದ್ರೆ ಅಳು ಬರುತ್ತೆ, ಟೀಚರ್.”

“ಅಪ್ಪ ಏನಂದ್ರು?”

“ರಕ್ತ ಮುಂದಕ್ಕೆ ಹೋಗ್ಬೇಕು, ಹಿಂದಕ್ಕೆ ಬರಬಾರದು, ಅದಕ್ಕೇ ಕವಾಟ ಇರೋದು ಅಂದೆ. ‘ಹಾಗಾದ್ರೆ ಬಾಗಿಲೇ ಅಲ್ವೇನೇ’ ಅಂದ್ರು. ತೆರೆದು ನೋಡಿದ್ರು, ಮುಚ್ಚಿ ನೋಡಿದ್ರು, ಬೆರಳಲ್ಲಿ ಸವರಿದ್ರು. ಬೆಳಿಗ್ಗೆನೂ ಕೈಯಲ್ಲೇ ಹಿಡ್ಕೊಂಡು ಯೋಚಿಸ್ತಾ ಕೂತಿದ್ರು. ಕಿತ್ಕೊಂಡು ಬರೋಕೆ ಮನಸ್ಸಾಗಲಿಲ್ಲ. ಇನ್ನೂ ಹೂಂ ಅಂದಿಲ್ಲ.”

ಹೆಡ್ಮಾಸ್ಟರ್ ಕೆಮ್ಮಿದರು. ಕನ್ನಡಕ ತೆಗೆದು ಒರೆಸಿಕೊಂಡರು. “ಪಾಪ, ಅದೆಲ್ಲ ಸರಿ. ಆದರೂ ಶಾಲೆಯ ವಸ್ತು. ದೊಡ್ಡಮ್ಮ, ನೀವೇ ಇವಳ ಜೊತೆ ಹೋಗಿ ತಗೊಂಡು ಬನ್ನಿ. ಬೆಲ್ ಹೊಡೆಯೋದ್ರೊಳಗೆ ಬಂದ್ರೆ ನಿಮ್ಮ ಮೇಲೆ ಆಡಿದ ಮಾತು ವಾಪಸ್ ತಗೋತೀನಿ.”

ದೊಡ್ಡಮ್ಮ ಹುಡುಗಿಯ ಹತ್ತಿರ ಬಂದು ಅವಳ ಕೆದರಿದ ತಲೆಗೂದಲನ್ನು ಸರಿಮಾಡಿದರು. ಬಾಗಿಲ ಕಡೆ ಮಾತ್ರ ಹೆಜ್ಜೆ ಇಡಲಿಲ್ಲ.

“ಇವಳಪ್ಪ ಹೂಂ ಅನ್ನೋವರೆಗೂ ಅದು ಅಲ್ಲೇ ಇರಲಿ, ಸಾರ್,” ಎಂದರು. “ಅಲ್ಲೀವರೆಗೂ ಕದ್ದವಳು ನಾನೇ ಅಂತ ಇಟ್ಕೊಳ್ಳಿ.”